ಟಿಎಕ್ಸ್200: ಉದ್ದ ನಳಿಗೆಯದೋ, ಮೋಟು ನಳಿಗೆಯದೋ?

ಮೊದಲೇ ಹೇಳಿಬಿಡುತ್ತೇನೆ. ಏರ್ ಆರ್ಮ್ಸ್ ಕಂಪನಿಯ ಟಿಎಕ್ಸ್200 ಎಂಬ ಏರ್ ರೈಫಲ್ (ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು) ಮತ್ತು ಅದರ ಮೋಟು ನಳಿಗೆಯ ತಮ್ಮ ಟಿಎಕ್ಸ್200 ಎಚ್‌ಸಿ, ಇವೆರಡರಲ್ಲಿ ನನ್ನ ಆಯ್ಕೆ ಉದ್ದದ್ದು. ಉದ್ದ ನಳಿಗೆ ಅಂದರೆ ಗುಂಡು ಜೋರಾಗಿ ಹೋಗುತ್ತದೆ, ಗುರಿ ಚೆನ್ನಾಗಿ ಕೂರುತ್ತದೆ ಅಂತ ನೀವು ಅಂದುಕೊಂಡಿದ್ದರೆ, ಸ್ವಲ್ಪ ತಾಳಿ. ನಾನು ಅದನ್ನು ಆರಿಸಿದ್ದು ನನ್ನ ಎಡಗೈಗೋಸ್ಕರ.

ನಮ್ಮ ಮನೆಯಲ್ಲಿ ಎರಡೂ ಇವೆ. ಉದ್ದದ್ದು ನನ್ನದು, ಮೋಟು ನಮ್ಮ ಯಜಮಾನರದು. ನಾವಿರುವುದು ಇಂಗ್ಲೆಂಡಿನ ಲೆಸ್ಟರ್ ಕಡೆ. ಭಾನುವಾರ ಬಂತೆಂದರೆ ಊರಾಚೆಯ ಒಂದು ಕಾಡುತೋಪಿನಲ್ಲಿ ಕ್ಲಬ್ಬಿನವರ ಜೊತೆ ಏರ್ ರೈಫಲ್ ಶೂಟಿಂಗ್. ಹೊಡೆಯುವುದು ಕಬ್ಬಿಣದ ತಗಡಿನ ಟಾರ್ಗೆಟ್ಟಿಗೆ ಮಾತ್ರ. ಹಕ್ಕಿ, ಮೊಲ ಯಾವುದೂ ಇಲ್ಲ. ಎರಡು ಬಂದೂಕನ್ನೂ ಅದಲು ಬದಲು ಮಾಡಿಕೊಂಡು ಹೊಡೆಯುತ್ತಾ ಬಂದಿದ್ದರಿಂದ ಈ ನಳಿಗೆ ಉದ್ದದ ವಿಚಾರದಲ್ಲಿ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ.

ಇವೆರಡೂ ತಯಾರಾಗುವುದು ಈಸ್ಟ್ ಸಸೆಕ್ಸ್‌ನ ಹೇಲ್‌ಶಮ್ ಎಂಬ ಊರಿನಲ್ಲಿ. ಎರಡೂ ಸ್ಪ್ರಿಂಗ್ ಬಂದೂಕು. ನಳಿಗೆಯ ಅಡಿಯಲ್ಲಿ ಒಂದು ಸನ್ನೆ, ಅಂದರೆ ಲಿವರ್, ಇರುತ್ತದೆ. ಅದನ್ನು ಕೆಳಕ್ಕೆ ಎಳೆದರೆ ಒಳಗಿನ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದೆ ನುಗ್ಗಿ, ಎದುರಿನ ಗಾಳಿಯನ್ನು ಒತ್ತಿ, ಆ ಗಾಳಿ ಪೆಲೆಟ್ಟನ್ನು, ಅಂದರೆ ನಡುವೆ ಸೊಂಟದಂತೆ ಸಣ್ಣಗಿರುವ ಸೀಸದ ಪುಟ್ಟ ಗುಂಡನ್ನು, ದೂಡುತ್ತದೆ. ಗ್ಯಾಸ್ ಬೇಡ, ಪಂಪು ಬೇಡ, ಸಿಲಿಂಡರ್ ತುಂಬಿಸುವ ಕಷ್ಟವಿಲ್ಲ. ನಳಿಗೆ ಜರ್ಮನಿಯ ಲೋಥರ್ ವಾಲ್ಟರ್ ಕಂಪನಿಯದು. ಟ್ರಿಗರ್ ಒಂದೇ, ಒಳಗಿನ ಯಂತ್ರದ ವಿನ್ಯಾಸ ಒಂದೇ. ಉದ್ದದ ಮಾದರಿಯಲ್ಲಿ ನಳಿಗೆ 335 ಮಿ.ಮೀ., ಎಚ್‌ಸಿಯಲ್ಲಿ 240 ಮಿ.ಮೀ. ಗುರಿ ನೋಡುವ ದುರ್ಬೀನು ಕೂರಿಸದೆ ತೂಗಿದರೆ ಒಂದು 4.2 ಕೆ.ಜಿ. ಆಸುಪಾಸು, ಇನ್ನೊಂದು 3.9. ನಳಿಗೆ ಉದ್ದದಿಂದ ಏನಾಗುತ್ತದೆ ಅಂತ ನೋಡಲಿಕ್ಕೇ ಯಾರೋ ಜೋಡಿ ಮಾಡಿ ಕೊಟ್ಟ ಹಾಗಿದೆ.

ನಾನು ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ. ಅಲ್ಲಿ ಕೋವಿ ಅಂದರೆ ಹೊಸತೇನಲ್ಲ. ಕೇಪಿನ ಕೋವಿ, ತೋಟಾ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆ ಅನ್ನುವ ಮಾತುಗಳನ್ನು ಕೇಳುತ್ತಲೇ ದೊಡ್ಡವರಾದೆವು. ಹಿರಿಯರ ಬಾಯಲ್ಲಿ ಒಂದು ನಂಬಿಕೆ ಖಾಯಂ ಇತ್ತು: ನಳಿಗೆ ಉದ್ದವಿದ್ದಷ್ಟೂ ಈಡು ದೂರ ಹೋಗುತ್ತದೆ. ಅವರು ಸುಮ್ನೆ ಹೇಳಿದ್ದಲ್ಲ. ಕೇಪಿನ ಕೋವಿಯಲ್ಲಿ ನಳಿಗೆಯ ಬಾಯಿಂದ ಕರಿಮದ್ದು ತುಂಬಿ ಗಿಡಿಯುತ್ತಾರೆ. ಆ ಮದ್ದು ಉರಿದು ಹೊಗೆಯಾಗುತ್ತಾ ಹೋದಂತೆ ಚರೆಯನ್ನು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ತಳ್ಳುವವನು ಜೊತೆಗೇ ಬರುತ್ತಿದ್ದರೆ ದಾರಿ ಉದ್ದವಿದ್ದಷ್ಟೂ ಲಾಭ ತಾನೇ. ಹಾಗಾಗಿ ಆ ಕೋವಿಗಳಿಗೆ ಆ ಮಾತು ಸರಿ.

ಸ್ಪ್ರಿಂಗ್ ಏರ್ ರೈಫಲ್ಲಿಗೆ ಅದು ಒಗ್ಗುವುದಿಲ್ಲ. ಇಲ್ಲಿ ಗಾಳಿ ಇರುವುದೇ ಒಂದು ಹಿಡಿ. ಪಿಸ್ಟನ್ ತನ್ನ ಓಟದ ಕೊನೆಗೆ ಬರುತ್ತಿರುವಾಗ ಒತ್ತಡ ಒಮ್ಮೆಲೇ ಮೇಲೇರುತ್ತದೆ, ಪೆಲೆಟ್ ಕದಲುತ್ತದೆ. ಅದೇ ಗಾಳಿಯ ಮೆತ್ತೆಗೆ ತಾಗಿ ಪಿಸ್ಟನ್ ಒಂದಿಷ್ಟು ಹಿಂದಕ್ಕೂ ಪುಟಿಯುತ್ತದೆ. ಒತ್ತಡ ಇಳಿಯಲು ಶುರು. ಪೆಲೆಟ್ಟಿಗೆ ಸಿಗಬೇಕಾದ ವೇಗದ ಬಹುಪಾಲು ನಳಿಗೆಯ ಮೊದಲ ಗೇಣಿನಲ್ಲೇ ಸಿಕ್ಕಿಬಿಟ್ಟಿರುತ್ತದೆ. ಆಮೇಲಿನದು ಜೋಕಾಲಿಯನ್ನು ಒಮ್ಮೆ ಜೋರಾಗಿ ತಳ್ಳಿ, ಕೈಗೆ ಸಿಗದ ಅದರ ಹಿಂದೆ ಓಡಿದ ಹಾಗೆ. ಓಟ ನಿಜ, ತಳ್ಳು ಇಲ್ಲ. ನಳಿಗೆ ತೀರಾ ಉದ್ದವಾದರೆ ಒಳಗೋಡೆಯ ಉಜ್ಜಾಟಕ್ಕೆ ಪೆಲೆಟ್ ಚೂರು ನಿಧಾನವಾಗುವುದೂ ಉಂಟು.

ಒಂದು ಲೆಕ್ಕ ನೋಡಿ. 4.5 ಮಿ.ಮೀ. ತೂತಿನ 335 ಮಿ.ಮೀ. ನಳಿಗೆಯೊಳಗೆ ಹಿಡಿಯುವ ಜಾಗ ಸುಮಾರು 5.3 ಸಿಸಿ. 240 ಮಿ.ಮೀ.ಯದರಲ್ಲಿ 3.8 ಸಿಸಿ. ವ್ಯತ್ಯಾಸ ಒಂದೂವರೆ ಸಿಸಿ, ಅಂದರೆ ಟೀ ಚಮಚದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಸಿಲಿಂಡರಿನಲ್ಲಿ ಮೊದಲು ಇದ್ದ ಗಾಳಿ ಇದರ ಎಷ್ಟೋ ಪಟ್ಟು. ಅಷ್ಟು ಗಾಳಿ ಪೂರ್ತಿ ಒತ್ತಿ ನುಗ್ಗುವ ಆಟದಲ್ಲಿ ಈ ಒಂದೂವರೆ ಸಿಸಿ ಎಷ್ಟರದು?

ನಮ್ಮ ಕ್ಲಬ್ಬಿನಲ್ಲಿ ಕ್ರೋನೋಗ್ರಾಫ್ ಇದೆ. ಪೆಲೆಟ್ ಹಾದುಹೋಗುವಾಗ ವೇಗ ಅಳೆಯುವ ಪೆಟ್ಟಿಗೆ, ಎಲ್ಲರೂ ಅದನ್ನು ಕ್ರೋನೋ ಅನ್ನುತ್ತಾರೆ. ಒಂದೇ ಡಬ್ಬಿಯ 8.44 ಗ್ರೇನ್ ತೂಕದ ಪೆಲೆಟ್, ಅಂದರೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು, ಎರಡರಲ್ಲೂ ಹೊಡೆದು ನೋಡಿದೆವು. ನನ್ನದು ಸೆಕೆಂಡಿಗೆ 235 ಮೀಟರ್ ಆಸುಪಾಸು ತೋರಿಸಿತು. ಯಜಮಾನರದು ಅದಕ್ಕಿಂತ ಎರಡು ಮೂರು ಮೀಟರ್ ಕಡಿಮೆ. ಒಂದೇ ಬಂದೂಕಿನ ಎರಡು ಹೊಡೆತಗಳ ನಡುವೆಯೇ ಅಷ್ಟು ಏರುಪೇರು ಇರುತ್ತದೆ ಅನ್ನಿ.

ಇದು ಪೂರ್ತಿ ನ್ಯಾಯದ ಪರೀಕ್ಷೆ ಅಲ್ಲ ಅನ್ನುವುದನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡವೆಂದರೆ ನಳಿಗೆ ಬಾಯಲ್ಲಿ ಶಕ್ತಿ 12 ಅಡಿ-ಪೌಂಡ್ ಮೀರಬಾರದು. ನಮ್ಮ ಲೆಕ್ಕದಲ್ಲಿ 16.27 ಜೂಲ್. ನಾವು ಹೊಡೆದ ಪೆಲೆಟ್ಟಿಗೆ ಆ ಗೆರೆ ಬೀಳುವುದು ಸೆಕೆಂಡಿಗೆ 244 ಮೀಟರಿನಲ್ಲಿ. ಕಂಪನಿ ಎರಡು ಮಾದರಿಯನ್ನೂ ಆ ಗೆರೆಯ ಕೆಳಗೆ ನಿಲ್ಲುವ ಹಾಗೆ ಹೊಂದಿಸಿಯೇ ಕಳಿಸುತ್ತದೆ. ಹಾಗಾಗಿ ಎರಡರ ವೇಗ ಅಕ್ಕಪಕ್ಕ ಇರುವುದರಲ್ಲಿ ಕಾನೂನಿನ ಕೈಯೂ ಇದೆ. ಆದರೆ ಕೊಳ್ಳುವವರಿಗೆ ಅದೇ ಅಲ್ವಾ ಮುಖ್ಯ? ಅಂಗಡಿಯಿಂದ ಹೊರಗೆ ಬರುವ ಬಂದೂಕಿನಲ್ಲಿ ಉದ್ದ ನಳಿಗೆಗೆ ವೇಗದ ಹೆಚ್ಚುಗಾರಿಕೆ ಇಲ್ಲ.

ಆ ಎರಡು ಮೂರು ಮೀಟರ್ ವ್ಯತ್ಯಾಸವನ್ನೇ ಹಿಡಿದುಕೊಳ್ಳೋಣ. ನಮ್ಮ ಆಟದಲ್ಲಿ ಅತಿ ದೂರದ ಟಾರ್ಗೆಟ್ 45 ಗಜ, ಸುಮಾರು 41 ಮೀಟರ್. ಅಷ್ಟು ದೂರದಲ್ಲಿ ಈ ವ್ಯತ್ಯಾಸಕ್ಕೆ ಪೆಲೆಟ್ ಕೆಳಗೆ ಬೀಳುವುದು ಹೆಚ್ಚೆಂದರೆ ಅರ್ಧ ಸೆಂಟಿಮೀಟರ್ ಜಾಸ್ತಿ. ಅದೂ ಪ್ರತಿ ಸಲ ಅಷ್ಟೇ ಬೀಳುವುದರಿಂದ ಆಟಕ್ಕೆ ಮೊದಲೇ ದುರ್ಬೀನಿನ ತಿರುಪು ತಿರುಗಿಸಿಟ್ಟರೆ ಮುಗಿಯಿತು. ಅದೇ ಜಾಗದಲ್ಲಿ ಪಕ್ಕದಿಂದ ತೆಳ್ಳಗೆ ಗಾಳಿ ಬೀಸಿದರೆ ಪೆಲೆಟ್ ಮೂರು ನಾಲ್ಕು ಸೆಂಟಿಮೀಟರ್ ಆಚೆ ಹೋಗುತ್ತದೆ. ಅದಕ್ಕೆ ತಿರುಪೂ ಇಲ್ಲ, ಮದ್ದೂ ಇಲ್ಲ. ಇಂಗ್ಲೆಂಡಿನ ಗಾಳಿಯ ಬಗ್ಗೆ ನಾನು ಬೇರೆಯದೇ ವಿಮರ್ಶೆ ಬರೆಯಬಹುದು, ಒಂದು ನಕ್ಷತ್ರ ಕೊಟ್ಟು.

ಇಲ್ಲಿ ಪಿಸಿಪಿ ಬಂದೂಕಿನ ಮಾತು ಹೇಳದಿದ್ದರೆ ಯಾರಾದರೂ ಜಗಳಕ್ಕೆ ಬರುತ್ತಾರೆ. ಪಿಸಿಪಿ ಅಂದರೆ ಮೊದಲೇ ಸಿಲಿಂಡರಿನಲ್ಲಿ ಭಾರಿ ಒತ್ತಡದ ಗಾಳಿ ತುಂಬಿಸಿಟ್ಟ ಬಂದೂಕು. ಟ್ರಿಗರ್ ಒತ್ತಿದರೆ ವಾಲ್ವ್ ತೆರೆದು ಒಂದು ಗುಟುಕು ಗಾಳಿ ಹೊರಬಂದು ಹಿಗ್ಗುತ್ತಾ ಪೆಲೆಟ್ಟನ್ನು ಬೆನ್ನಟ್ಟುತ್ತದೆ. ಇಲ್ಲಿ ನಮ್ಮ ಹಿರಿಯರ ಮಾತು ಮತ್ತೆ ನಿಜವಾಗುತ್ತದೆ. ಗಾಳಿ ಹಿಗ್ಗುವುದಕ್ಕೆ ಜಾಗ ಸಿಕ್ಕಷ್ಟೂ ಪೆಲೆಟ್ಟಿಗೆ ವೇಗ. ಸ್ವೀಡನ್ನಿನ ಎಫ್‌ಎಕ್ಸ್ ಕಂಪನಿ ತನ್ನ ಇಂಪ್ಯಾಕ್ಟ್ ಬಂದೂಕಿಗೆ 500, 600, 700 ಮಿ.ಮೀ. ಅಂತ ಬೇರೆ ಬೇರೆ ಉದ್ದದ ನಳಿಗೆ ಮಾರುವುದು ಸುಮ್ಮನೆ ಅಲ್ಲ. ಏರ್ ಆರ್ಮ್ಸ್ ಕೂಡ ಎಸ್400 ಎಂಬ ಪಿಸಿಪಿಯನ್ನು ಕಾರ್ಬೈನ್ ಮತ್ತು ಕ್ಲಾಸಿಕ್ ಅಂತ ಎರಡು ಉದ್ದದಲ್ಲಿ ಮಾರಿತ್ತು. ಅಲ್ಲಿಯೂ 12 ಅಡಿ-ಪೌಂಡಿನ ಗೆರೆ ಇತ್ತು, ಹಾಗಾಗಿ ವೇಗ ಒಂದೇ. ಆದರೆ ಉದ್ದ ನಳಿಗೆಯಲ್ಲಿ ಅದೇ ವೇಗಕ್ಕೆ ಕಡಿಮೆ ಗಾಳಿ ಸಾಕು. ಒಮ್ಮೆ ತುಂಬಿಸಿದರೆ ಹೆಚ್ಚು ಹೊಡೆತ ಬರುತ್ತದೆ. ಪಿಸಿಪಿ ಕೊಳ್ಳುವವರು ಉದ್ದಕ್ಕೆ ದುಡ್ಡು ಕೊಟ್ಟರೆ ನಾನು ಬೇಡ ಅನ್ನುವುದಿಲ್ಲ.

ಇನ್ನು ಗುರಿ. ಉದ್ದ ನಳಿಗೆಯಲ್ಲಿ ಪೆಲೆಟ್ ನೇರ ಹೋಗುತ್ತದೆ ಅನ್ನುವ ನಂಬಿಕೆ ವೇಗದ ನಂಬಿಕೆಗಿಂತ ಗಟ್ಟಿ. ಅದಕ್ಕೂ ಒಂದು ಹಳೆಯ ಕಾರಣವಿದೆ, ಅದು ಕಣ್ಣಿನದು. ದುರ್ಬೀನು ಇಲ್ಲದ ಬಂದೂಕಿನಲ್ಲಿ ಹಿಂದೊಂದು ಗುರುತು, ಮುಂದೊಂದು ಗುರುತು. ಅವೆರಡರ ನಡುವೆ ದೂರ ಹೆಚ್ಚಿದ್ದಷ್ಟೂ ಕಣ್ಣಿನ ತಪ್ಪು ಕಡಿಮೆಯಾಗುತ್ತದೆ. ಎರಡು ಗುರುತಿನ ನಡುವೆ 450 ಮಿ.ಮೀ. ಇದ್ದು ನೀವು 0.1 ಮಿ.ಮೀ. ತಪ್ಪಿ ಹೊಂದಿಸಿದರೆ 10 ಮೀಟರ್ ದೂರದಲ್ಲಿ ಗುಂಡು 2.2 ಮಿ.ಮೀ. ತಪ್ಪುತ್ತದೆ. ನಡುವೆ 700 ಮಿ.ಮೀ. ಇದ್ದರೆ ತಪ್ಪುವುದು 1.4 ಮಿ.ಮೀ. ಮಾತ್ರ. ನಳಿಗೆ ಗುಂಡಿಗೆ ಏನೂ ಮಾಡಲಿಲ್ಲ. ನಿಮ್ಮ ಕಣ್ಣಿಗೆ ನೆರವಾಯಿತು.

ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಆಟ, ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ ಆಡುವ ಆಟ. ಅಲ್ಲಿ ಹತ್ತು ಅಂಕದ ಗುರುತು ಅರ್ಧ ಮಿಲಿಮೀಟರಿನ ಚುಕ್ಕೆ. ಅಷ್ಟು ನಾಜೂಕಿನ ಆಟಕ್ಕೆ ಎಷ್ಟುದ್ದದ ನಳಿಗೆ ಬೇಕು ಅಂತೀರಿ? ಟಿವಿಯಲ್ಲಿ ನೋಡಿದರೆ ಮುಕ್ಕಾಲು ಮೀಟರ್ ಇದ್ದ ಹಾಗೆ ಕಾಣುತ್ತದೆ. ವಾಲ್ಟರ್ ಎಲ್‌ಜಿ400ರ ನಿಜವಾದ ನಳಿಗೆ 420 ಮಿ.ಮೀ. ಫೈನ್‌ವೆರ್ಕ್‌ಬೌ 800ರದು 425. ಅದರಾಚೆ ಕಾಣುವುದೆಲ್ಲ ಟೊಳ್ಳು ಕೊಳವೆ. ಮುಂದಿನ ಗುರುತನ್ನು ದೂರ ಒಯ್ಯಲು ಸಿಕ್ಕಿಸಿದ್ದು. ಪೆಲೆಟ್ ಹೋಗುವುದೂ ಸೆಕೆಂಡಿಗೆ 170-175 ಮೀಟರ್ ವೇಗದಲ್ಲಿ, ನಮ್ಮ ಟಿಎಕ್ಸ್‌ಗಿಂತ ಎಷ್ಟೋ ನಿಧಾನ. ಜಗತ್ತಿನ ಅತಿ ಕರಾರುವಾಕ್ಕಾದ ಏರ್ ರೈಫಲ್ಲುಗಳು ವೇಗದ ಹಿಂದೆ ಬಿದ್ದಿಲ್ಲ.

ಟಿಎಕ್ಸ್200ರಲ್ಲಿ ಕಣ್ಣಿನ ಗುರುತುಗಳೇ ಇಲ್ಲ. ದುರ್ಬೀನು ಕೂರಿಸಲು ಮೇಲೆ ತೋಡು ಕೊರೆದಿದ್ದಾರೆ, ಅಷ್ಟೇ. ಹಾಗಾಗಿ ಉದ್ದದಿಂದ ಕಣ್ಣಿಗೆ ಸಿಗಬಹುದಾದ ಆ ಒಂದು ಲಾಭವೂ ಇಲ್ಲಿ ಇಲ್ಲ. ಗಾಳಿ ನಿಂತ ಬೆಳಿಗ್ಗೆ, ಮಲಗಿಕೊಂಡು, ಸ್ಯಾಂಡ್ ಬ್ಯಾಗಿನ ಮೇಲೆ ಕೈಯಿಟ್ಟು 30 ಗಜಕ್ಕೆ ಹೊಡೆದರೆ ಎರಡೂ ಬಂದೂಕಿನ ಐದು ಗುಂಡಿನ ಗುಂಪು ಇಲ್ಲಿನ 5 ಪೆನ್ಸ್ ನಾಣ್ಯದೊಳಗೆ ಕೂರುತ್ತದೆ. ಆ ನಾಣ್ಯದ ಅಗಲ 18 ಮಿ.ಮೀ. ಒಂದು ಡಬ್ಬಿ ಪೆಲೆಟ್ ಬದಲಾಯಿಸಿದರೆ ಗುಂಪು ಹರಡುತ್ತದೆ, ಇನ್ನೊಂದು ಡಬ್ಬಿಗೆ ಮತ್ತೆ ಕೂಡಿಕೊಳ್ಳುತ್ತದೆ. ನಳಿಗೆ ಬದಲಾಯಿಸಿದರೆ ಏನೂ ಆಗುವುದಿಲ್ಲ. ಯಾವ ಕಾಗದ ಯಾರ ಬಂದೂಕಿನದು ಅಂತ ಹೆಸರು ಬರೆದಿಡದಿದ್ದರೆ ನಮಗೇ ಗೊತ್ತಾಗುವುದಿಲ್ಲ.

ಗುರಿಯನ್ನು ನಿರ್ಧರಿಸುವುದು ಬೇರೆ ಸಂಗತಿಗಳು. ಪೆಲೆಟ್ಟಿನ ಸೊಂಟದ ಕೆಳಗಿನ ಲಂಗ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಸರಿಯಾಗಿ ಕೂರಬೇಕು. ಲೋಥರ್ ವಾಲ್ಟರ್ ನಳಿಗೆಗಳು ಬಾಯಿಯ ಹತ್ತಿರ ಕೂದಲೆಳೆಯಷ್ಟು ಬಿಗಿಯಾಗಿರುತ್ತವೆ, ಚೋಕ್ ಅನ್ನುತ್ತಾರೆ. ಅಲ್ಲಿ ಎಲ್ಲ ಪೆಲೆಟ್ಟೂ ಒಂದೇ ಅಳತೆಗೆ ಬಂದು ಹೊರಬೀಳುತ್ತವೆ. ನಳಿಗೆ ಬಾಯಿಯ ಅಂಚು ಎಲ್ಲ ಕಡೆ ಸಮ ಇರಬೇಕು, ಒಂದು ಕಡೆ ಚೂರು ನೆಗ್ಗಿದ್ದರೂ ಗಾಳಿ ಪೆಲೆಟ್ಟನ್ನು ಓರೆ ತಳ್ಳುತ್ತದೆ. ಇವೆಲ್ಲ ನಳಿಗೆಯ ಗುಣವೇ, ಆದರೆ ಕೊನೆಯ ಒಂದೆರಡು ಇಂಚಿನ ಗುಣ.

ಎಲ್ಲಕ್ಕಿಂತ ದೊಡ್ಡದು ಹಿಡಿತ. ಸ್ಪ್ರಿಂಗ್ ಬಂದೂಕು ಎರಡು ಸಲ ಅಲ್ಲಾಡುತ್ತದೆ. ಪಿಸ್ಟನ್ ಮುಂದೆ ನುಗ್ಗುವಾಗ ಬಂದೂಕು ಹಿಂದಕ್ಕೆ, ಪಿಸ್ಟನ್ ನಿಂತಾಗ ಮುಂದಕ್ಕೆ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಇದೆಲ್ಲ ನಡೆಯುತ್ತದೆ. ಗಟ್ಟಿಯಾಗಿ ಅವುಚಿ ಹಿಡಿದರೆ ಒಮ್ಮೆ ಒಂದು ಕಡೆ, ಇನ್ನೊಮ್ಮೆ ಇನ್ನೊಂದು ಕಡೆ. ಅಂಗೈ ಮೇಲೆ ಹಗುರಾಗಿ ಮಲಗಿಸಿಕೊಂಡು, ಪ್ರತಿ ಸಲ ಒಂದೇ ಜಾಗದಲ್ಲಿ ಹಿಡಿಯಬೇಕು. ಮೋಟು ನಳಿಗೆ ಇಷ್ಟಪಡುವವರು ಇಲ್ಲೊಂದು ವಾದ ಹೂಡುತ್ತಾರೆ: ಪೆಲೆಟ್ ಬೇಗ ಹೊರಬೀಳುವುದರಿಂದ ಕೈ ಅಲುಗಾಟ ಅದಕ್ಕೆ ತಟ್ಟುವುದಿಲ್ಲ ಅಂತ. ತರ್ಕ ಸರಿಯೇ. ಆದರೆ ಹೆಚ್ಚುವರಿ 95 ಮಿ.ಮೀ. ದಾಟಲು ಪೆಲೆಟ್ಟಿಗೆ ಬೇಕಾಗುವುದು ಸೆಕೆಂಡಿನ 2,500ನೇ ಒಂದು ಭಾಗ. ಆ ಹೊತ್ತಿನಲ್ಲಿ ನನ್ನ ಕೈ ಏನು ಮಾಡಿತು ಅಂತ ನಾನು ಹೇಳಲಾರೆ. ನಮ್ಮ ಯಜಮಾನರು ಮಾತ್ರ ತಮ್ಮ ಎಲ್ಲ ಒಳ್ಳೆಯ ಹೊಡೆತಕ್ಕೂ ಇದೇ ಕಾರಣ ಕೊಡುತ್ತಾರೆ. ತಪ್ಪಿದ್ದಕ್ಕೆ ಗಾಳಿ.

ಸರಿ, ಹಾಗಾದರೆ ನಾನು ಉದ್ದದ್ದನ್ನೇ ಯಾಕೆ ಇಟ್ಟುಕೊಂಡೆ?

ಕೊಳ್ಳಲು ಹೋದಾಗ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಎಚ್‌ಸಿ ಕೈಗೆ ಕೊಟ್ಟರು. ಹೆಂಗಸರಿಗೆ ಇದೇ ಸರಿ, ಗಿಡ್ಡ, ಹಗುರ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎತ್ತಿ ನೋಡಿದರೆ ಹಗುರವೇ. ಆಮೇಲೆ ಸನ್ನೆ ಎಳೆದೆ. ಎಳೆದು ಗೊತ್ತಾಯಿತು. ಸನ್ನೆ ಎಷ್ಟುದ್ದವೋ ಎಳೆತ ಅಷ್ಟು ಸಲೀಸು, ಹಾರೆಯಿಂದ ಕಲ್ಲು ಮೀಟುವವರಿಗೆ ಇದನ್ನು ಹೇಳಬೇಕಾಗಿಲ್ಲ. ಟಿಎಕ್ಸ್200ರ ಸನ್ನೆ ನಳಿಗೆಯ ಅಡಿಯಲ್ಲೇ ಮಲಗಿರುತ್ತದೆ. ನಳಿಗೆ ಮೊಟಕಾದರೆ ಸನ್ನೆಯೂ ಮೊಟಕು. ಸ್ಪ್ರಿಂಗ್ ಮಾತ್ರ ಮೊಟಕಾಗಿಲ್ಲ. ಹಾಗಾಗಿ ಹಗುರದ ಬಂದೂಕೇ ಎಳೆಯಲು ಹೆಚ್ಚು ಬಿಗಿ. ಉದ್ದದ್ದನ್ನು ಕೇಳಿ ತರಿಸಿಕೊಂಡು ಎಳೆದೆ. ಅಲ್ಲಿಗೆ ತೀರ್ಮಾನ ಆಯಿತು.

ನಮ್ಮ ಆಟಕ್ಕೆ ಹಂಟರ್ ಫೀಲ್ಡ್ ಟಾರ್ಗೆಟ್ ಅನ್ನುತ್ತಾರೆ. ಕಾಡಿನೊಳಗೆ ಸಾಲಾಗಿ ಗೂಟ ನೆಟ್ಟಿರುತ್ತಾರೆ, ಸಾಮಾನ್ಯವಾಗಿ 30. ಒಂದೊಂದು ಗೂಟದಿಂದ ಒಂದೇ ಹೊಡೆತ. ತಗಡಿನ ಬೊಂಬೆಯಲ್ಲಿ ದುಂಡನೆಯ ತೂತು ಇರುತ್ತದೆ, ಚಿಕ್ಕದು 15 ಮಿ.ಮೀ.ನಿಂದ ಶುರು. ಪೆಲೆಟ್ ಆ ತೂತಿನೊಳಗೆ ಹೋಗಿ ಹಿಂದಿನ ತಗಡಿಗೆ ಬಡಿದರೆ ಬೊಂಬೆ ಬೀಳುತ್ತದೆ, ಎರಡು ಅಂಕ. ಬೊಂಬೆಗೆ ತಾಗಿ ಬೀಳದಿದ್ದರೆ ಒಂದು. ಪೂರ್ತಿ ತಪ್ಪಿದರೆ ಸೊನ್ನೆ. ಶುರುವಿನ ಅಭ್ಯಾಸದ ಹೊಡೆತ ಸೇರಿಸಿದರೆ ಒಂದು ಬೆಳಿಗ್ಗೆಗೆ ಸನ್ನೆ ಎಳೆಯುವುದು ಕಡಿಮೆ ಏನಲ್ಲ. ಯಜಮಾನರ ಎಚ್‌ಸಿ ಹಿಡಿದು ಹೋದ ದಿನ ಕೊನೆಯ ಗೂಟಗಳ ಹತ್ತಿರ ನನ್ನ ಎಡಗೈ ನಡುಗುತ್ತದೆ. ಅದೇ ಕೈಯಲ್ಲಿ ಬಂದೂಕನ್ನು ಹೊತ್ತು ಗುರಿ ಹಿಡಿಯಬೇಕಲ್ಲ. ನಳಿಗೆಯ ಉದ್ದ ನನ್ನ ಅಂಕಕ್ಕೆ ತಟ್ಟುವುದು ಹೀಗೆ, ಸನ್ನೆಯ ಮೂಲಕ, ತೋಳಿನ ಮೂಲಕ.

ಇನ್ನೊಂದು ಲಾಭ ನಿಂತು ಹೊಡೆಯುವಾಗ. ಮೂತಿಯ ಕಡೆ ತೂಕ ಇದ್ದರೆ ಬಂದೂಕು ಚಂಚಲವಾಗುವುದಿಲ್ಲ, ತೂಗಾಟ ನಿಧಾನವಾಗುತ್ತದೆ. ಎಚ್‌ಸಿಯ ಮೂತಿ ಎಲ್ಲಿಗೆ ಬೇಕಾದರೂ ಬೇಗ ತಿರುಗುತ್ತದೆ, ಬೇಡದ ಕಡೆಗೂ. ಅದೇ ಪೊದೆಗಳ ನಡುವೆ ಮಂಡಿಯೂರಿ ತೂರಬೇಕಾದಾಗ, ಕಾರಿನ ಹಿಂಬದಿಯಲ್ಲಿ ಮಲಗಿಸಬೇಕಾದಾಗ ಎಚ್‌ಸಿ ಮುದ್ದಾಗಿ ಕಾಣುತ್ತದೆ. ಇಲ್ಲಿ ಇಲಿ ಕಾಟದ ಕೊಟ್ಟಿಗೆಗಳಲ್ಲಿ ಓಡಾಡುವ ರೈತರು ಅದನ್ನೇ ಮೆಚ್ಚುವುದು ಅರ್ಥವಾಗುತ್ತದೆ. ಯಜಮಾನರಿಗೆ ತೋಳಿನ ಬಲ ಇದೆ, ನಿಂತು ಹೊಡೆಯುವುದರಲ್ಲಿ ಆಸೆ ಕಡಿಮೆ. ಅವರಿಗೆ ಅದು ಸರಿ.

ಬೈಯಬೇಕಾದದ್ದೂ ಇದೆ, ಎರಡಕ್ಕೂ ಸೇರಿಸಿ. ದುರ್ಬೀನು ಕೂರಿಸಿದ ಮೇಲೆ ಉದ್ದದ್ದು ಐದು ಕೆ.ಜಿ. ಹತ್ತಿರ ಬರುತ್ತದೆ. ಕಾಡಿನಲ್ಲಿ ಸುತ್ತುವಾಗ ಮೊದಲ ಅರ್ಧ ಗಂಟೆ ಗಾಂಭೀರ್ಯ, ಆಮೇಲೆ ಭಾರ. ಪೆಲೆಟ್ ಹಾಕುವ ಕಿಂಡಿ ಇಕ್ಕಟ್ಟು. ಚಳಿಗಾಲದಲ್ಲಿ ಬೆರಳು ಮರಗಟ್ಟಿದಾಗ ಪೆಲೆಟ್ ಬೀಳಿಸಿ ಒಣಗಿದ ಎಲೆಗಳಲ್ಲಿ ಹುಡುಕುವುದು ಮಾಮೂಲು. ಸನ್ನೆ ಎಳೆದಾಗ ಕಟ್ ಕಟ್ ಅಂತ ಹಲ್ಲುಗಳಿಗೆ ಸಿಕ್ಕಿಕೊಳ್ಳುವ ಸುರಕ್ಷೆ ಇದೆ, ಅದು ಒಳ್ಳೆಯದೇ. ಆದರೂ ಪೆಲೆಟ್ ಹಾಕುವಾಗ ಇನ್ನೊಂದು ಕೈಯಲ್ಲಿ ಸನ್ನೆಯನ್ನು ಬಿಡಲೇಬಾರದು. ಜಾರಿ ಮುಚ್ಚಿಕೊಂಡರೆ ಹೆಬ್ಬೆರಳಿನ ತುದಿ ಒಳಗಿರುತ್ತದೆ. ನೀಲಿಗಪ್ಪು ಬಣ್ಣದ ಉಕ್ಕು ನೋಡಲು ಚೆಂದ. ಬೆವರಿನ ಬೆರಳಚ್ಚು ಹಾಗೇ ಬಿಟ್ಟರೆ ತುಕ್ಕು, ಹಾಗಾಗಿ ಪ್ರತಿ ಸಲ ಎಣ್ಣೆ ಬಟ್ಟೆಯಲ್ಲಿ ಒರೆಸಬೇಕು. ಬೆಲೆ ಹೊಸದಕ್ಕೆ ನೂರಾರು ಪೌಂಡು, ದುರ್ಬೀನು ಬೇರೆ. ಅಗ್ಗ ಅನ್ನಲಾರೆ. ಟ್ರಿಗರ್ ಮುಟ್ಟಿದವರು ಬೆಲೆ ಮರೆಯುತ್ತಾರೆ ಅಂತ ಕ್ಲಬ್ಬಿನಲ್ಲಿ ಹೇಳುತ್ತಾರೆ. ನಾನು ಮರೆತಿಲ್ಲ, ಆದರೆ ಟ್ರಿಗರ್ ನಿಜಕ್ಕೂ ಬೆಣ್ಣೆ.

ಊರಿನಿಂದ ತಮ್ಮ ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ. "ಅಕ್ಕಾ, ಇಲ್ಲಿ ಒಂದು ಏರ್‌ಗನ್ ತಗೊಳ್ಳೋಣ ಅಂತಿದೀನಿ, ಉದ್ದ ಬ್ಯಾರೆಲ್ಲು, ಸಾವಿರ ಎಫ್‌ಪಿಎಸ್ಸು ಅಂತೆ. ತಗೊಳ್ಲಾ?" ಎಫ್‌ಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಅಡಿ ಅಂತ. ಅವನಿಗೆ ಹೇಳಿದ ಲೆಕ್ಕವನ್ನು ಇಲ್ಲೂ ಹೇಳುತ್ತೇನೆ. ಭಾರತದಲ್ಲಿ ಲೈಸೆನ್ಸ್ ಬೇಡದ ಏರ್‌ಗನ್ನಿಗೆ ಮಿತಿ 4.5 ಮಿ.ಮೀ. ತೂತು, 20 ಜೂಲ್ ಶಕ್ತಿ. ಸಾಮಾನ್ಯ ಸೀಸದ ಪೆಲೆಟ್ 0.53 ಗ್ರಾಂ. ಅದು 20 ಜೂಲ್ ಮುಟ್ಟುವುದು ಸೆಕೆಂಡಿಗೆ 275 ಮೀಟರಿನಲ್ಲಿ, ಅಂದರೆ ಸುಮಾರು 900 ಅಡಿ. ಸೀಸದ ಪೆಲೆಟ್ಟಿಗೆ ಸಾವಿರ ಅಡಿ ನಿಜವಾಗಿದ್ದರೆ ಶಕ್ತಿ 24 ಜೂಲ್ ದಾಟಿ ಕಾನೂನಿನ ಆಚೆಗಾಯಿತು. ನಿಜವಲ್ಲದಿದ್ದರೆ ಸೀಸವಲ್ಲದ ಹಗುರ ಲೋಹದ ಪೆಲೆಟ್ ಹಾಕಿ ಅಳೆದಿದ್ದಾರೆ. 0.35 ಗ್ರಾಮಿನದಾದರೆ ಸಾವಿರ ಅಡಿಗೂ ಹದಿನಾರು ಜೂಲ್ ಚಿಲ್ಲರೆ ಮಾತ್ರ. ಡಬ್ಬಿಯ ಮೇಲಿನ ಅಂಕಿ ಸುಳ್ಳಲ್ಲ, ಕೆಲಸಕ್ಕೂ ಬಾರದು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಚಿಲ್ಲರೆ. ಅದರ ಹತ್ತಿರ ಹೋದಂತೆ ಈ ಸೊಂಟದ ಪೆಲೆಟ್ಟುಗಳು ಹೊಯ್ದಾಡುತ್ತವೆ, ಗುರಿ ಕೆಡುತ್ತದೆ.

ಅವನು ನೋಡಿದ್ದು ನಳಿಗೆಯನ್ನೇ ಕೀಲಿನ ಬಳಿ ಬಗ್ಗಿಸಿ ಸ್ಪ್ರಿಂಗ್ ಎಳೆಯುವ ಮಾದರಿ. ಅದರಲ್ಲಿ ನಳಿಗೆಯೇ ಸನ್ನೆ. ಹಾಗಾಗಿ ಉದ್ದ ನಳಿಗೆ ಅಲ್ಲಿ ಕೈಗೆ ನಿಜಕ್ಕೂ ಸುಖ ಕೊಡುತ್ತದೆ, ವೇಗಕ್ಕಲ್ಲ. ಕೊಳ್ಳುವ ಮೊದಲು ನಳಿಗೆ ಬಾಯೊಳಗೆ ಟಾರ್ಚ್ ಬಿಟ್ಟು ನೋಡು ಅಂದೆ. ಕೆಲವು ಅಗ್ಗದ ಬಂದೂಕಿನಲ್ಲಿ ಮೂತಿಯ ಕಡೆಯದು ಬರೀ ಪ್ಲಾಸ್ಟಿಕ್ ತೋಳು, ಉಕ್ಕಿನ ನಳಿಗೆ ಒಳಗೆಲ್ಲೋ ಮುಗಿದಿರುತ್ತದೆ. ಅದು ಮೋಸವೇನಲ್ಲ, ಸನ್ನೆಗೆ ಉದ್ದ ಕೊಡಲು ಮಾಡಿದ್ದು. ಉದ್ದದ ಹೆಸರಲ್ಲಿ ಜಾಸ್ತಿ ದುಡ್ಡು ಕೇಳಿದರೆ ಮಾತ್ರ ನಗಬೇಕು. ಕೊನೆಗೆ ಅವನ ಬಾಯಿಂದ ನಿಜ ಹೊರಬಂತು, ಬಾಳೆಗೆ ಬರುವ ಮಂಗಗಳಿಗಂತೆ. ಅದಕ್ಕಾದರೆ ಬೇಡವೇ ಬೇಡ ಅಂದೆ. ಪೆಲೆಟ್ ಮಂಗವನ್ನು ಓಡಿಸುವುದಿಲ್ಲ, ಗಾಯ ಮಾಡಿ ನರಳಿಸುತ್ತದೆ. ವನ್ಯಜೀವಿ ಕಾನೂನು ಬೇರೆ ಕಾದಿರುತ್ತದೆ. ಮುಖ ಊದಿಸಿಕೊಂಡು ಫೋನ್ ಇಟ್ಟ.

ಇಂಗ್ಲೆಂಡಿನಲ್ಲಿರುವ ಕನ್ನಡದವರು ಯಾರಾದರೂ ಟಿಎಕ್ಸ್ ಕೊಳ್ಳುವುದಾದರೆ ಒಂದೆರಡು ಮಾತು. ಹದಿನೆಂಟು ತುಂಬಿರಬೇಕು. ಅಂಗಡಿಯಿಂದಾದರೆ ಅಂಚೆಯಲ್ಲಿ ಮನೆಗೆ ಬರುವುದಿಲ್ಲ, ಎದುರಾಎದುರೇ ಕೈಗೆ ಕೊಡಬೇಕು ಅಂತ ಕಾನೂನು. ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಗೆ ಸಿಗದ ಹಾಗೆ ಬೀಗ ಹಾಕಿಡುವುದು ನಿಮ್ಮ ಹೊಣೆ. ಸ್ಕಾಟ್ಲೆಂಡಿಗೆ ರಜೆಗೆ ಹೋಗುವಾಗ ಕಾರಿನ ಡಿಕ್ಕಿಯಲ್ಲಿ ಮರೆತು ಒಯ್ಯಬೇಡಿ. 2016ರ ಡಿಸೆಂಬರ್ 31ರಿಂದ ಅಲ್ಲಿ ಏರ್ ರೈಫಲ್ಲಿಗೂ ಸರ್ಟಿಫಿಕೇಟ್ ಬೇಕು, ಹೊರಗಿನಿಂದ ಬರುವವರಿಗೂ ಪರವಾನಗಿ ಬೇಕು.

ಸೆಕೆಂಡ್ ಹ್ಯಾಂಡ್ ಚೆನ್ನಾಗಿ ಸಿಗುತ್ತದೆ, ನಾನಾದರೆ ಅದನ್ನೇ ಹೇಳುತ್ತೇನೆ. ಯಾರೋ ಒಳಗೆ ಗಟ್ಟಿ ಸ್ಪ್ರಿಂಗ್ ಹಾಕಿ 12 ಅಡಿ-ಪೌಂಡ್ ದಾಟಿಸಿದ್ದರೆ ಅದು ಲೈಸೆನ್ಸ್ ಇಲ್ಲದ ಬಂದೂಕಾಗುತ್ತದೆ, ಜೈಲಿನ ದಾರಿ. ಮಾರುವವರ ಎದುರಿಗೇ ಕ್ರೋನೋ ಮೇಲೆ ಹಲವು ಬಗೆಯ ಪೆಲೆಟ್ ಹೊಡೆಸಿ ನೋಡಿ. ಹಗುರದ್ದು, ಭಾರದ್ದು ಎರಡೂ ಇರಲಿ. ಸನ್ನೆಯನ್ನು ನೀವೇ ಎಳೆಯಿರಿ, ಒಂದು ಸಲವಲ್ಲ, ಕೈ ಸೋಲುವವರೆಗೆ. ನಳಿಗೆ ಉದ್ದ ಅಂತ ಐವತ್ತು ಪೌಂಡ್ ಜಾಸ್ತಿ ಕೇಳಿದರೂ ಕೊಡಬೇಡಿ, ಗಿಡ್ಡ ಅಂತ ಜಾಸ್ತಿ ಕೇಳಿದರೂ ಕೊಡಬೇಡಿ.